ನಾಲ್ಕು ಕೋಲು ಕಡಿಮೆ ಬಿದ್ದ ಬೇಲಿ

ನರಸಿಂಹಪ್ಪನಿಗೆ ಒಂದು ಕೊರಗಿತ್ತು. ಊಟ ಬಟ್ಟೆಗೆ ಸೇರಿದ ಕೊರಗಲ್ಲ, ವಿದ್ಯೆಗೆ ಸೇರಿದ್ದು. ಮದುವೆಗೆ ಮುಂಚೆ ಅವನು ಕೃಷ್ಣಗಿರಿಯ ಕಡೆ ಸರ್ವೆಯವರ ಜೊತೆ ಮೂರು ತಿಂಗಳು ಸರಪಳಿ ಹಿಡಿದು ಓಡಾಡಿದ್ದ. "ಸರಪಳೀದು ಒಂದು ತುದಿ ನನ್ನ ಕೈಲಿ, ಇನ್ನೊಂದು ತುದಿ ಸರ್ಕಾರದ ಕೈಲಿ" ಎಂದು ಇವತ್ತಿಗೂ ಹೇಳಿಕೊಳ್ಳುತ್ತಿದ್ದ. (ಇನ್ನೊಂದು ತುದಿ ಹಿಡಿದಿದ್ದವನೂ ಅವನಂತೆಯೇ ದಿನಗೂಲಿಯವನು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.) ಇಷ್ಟು ದೊಡ್ಡ ವಿದ್ಯೆ ಮನೆಯೊಳಗೇ ಇದ್ದರೂ ಹೆಂಡತಿ ಗೋವಿಂದಮ್ಮ ಇಪ್ಪತ್ತು ವರ್ಷದ ಸಂಸಾರದಲ್ಲಿ ಒಂದು ಸಲವಾದರೂ ಅದನ್ನು ಬಳಸಿಕೊಂಡಿರಲಿಲ್ಲ. ನೀರು ಸೇದು, ಸೌದೆ ಒಡಿ, ಮೇಕೆ ಓಡಿಸು, ಇಷ್ಟೇ ಅವಳು ಅವನಿಗೆ ಕೊಟ್ಟ ಅಧಿಕಾರ.

ಹೀಗಿರುವಾಗ, ಯುದ್ಧ ಮುಗಿದ ಮಾರನೆಯ ವರ್ಷ, ಆ ವಿದ್ಯೆಗೆ ಒಂದು ಕರೆ ಬಂತು.

ಡೆಂಕಣಿಕೋಟೆಯಿಂದ ಎರಡು ಮೈಲಿ ಆಚೆ ಅವರ ಊರು. ಮನೆಯ ಹಿಂದೆ, ಬಾವಿಯ ಪಕ್ಕದಲ್ಲಿ ಗೋವಿಂದಮ್ಮನ ಸೊಪ್ಪಿನ ತೋಟ. ಅಡ್ಡಕ್ಕೆ ಆರು, ಉದ್ದಕ್ಕೆ ಐದು, ಒಟ್ಟು ಮೂವತ್ತು ಪಾತಿ. ಪ್ರತಿ ಪಾತಿಯೂ ಒಂದು ಕೋಲು ಉದ್ದ, ಒಂದು ಕೋಲು ಅಗಲ. ಕೋಲು ಎಂದರೆ ಸೂರಿಗೆ ಸಿಕ್ಕಿಸಿಟ್ಟ ಒಂದು ಬಿದಿರ ಗಳು. ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ಪಾತಿ ಕಟ್ಟುವುದು ಅದರ ಅಳತೆಯಲ್ಲೇ. ಬಾವಿಕಟ್ಟೆ ಹತ್ತಿ ನೋಡಿದರೆ ತೋಟ ಚೌಕಾಬಾರದ ಮನೆಗಳಂತೆ ಕಾಣುತ್ತಿತ್ತು. ಅದರಲ್ಲಿ ಒಂದು ಪಾತಿ ತುಂಬ ಸಬ್ಬಸಿಗೆ. ಮಗಳು ಗಂಗರತ್ನಮ್ಮ ಚೊಚ್ಚಲು ಬಸುರಿ. ಒಂಬತ್ತರಲ್ಲಿ ತವರಿಗೆ ಬರುವವಳಿದ್ದಳು. ಬಾಣಂತಿಗೆ ಹಾಲು ಇಳಿಯಲು ಸಬ್ಬಸಿಗೆ ಬೇಕೇ ಬೇಕು. ಗೋವಿಂದಮ್ಮನ ಬಳಿ ಉಳಿದಿದ್ದ ಒಂದು ಹಿಡಿ ಬೀಜವೆಲ್ಲ ಆ ಪಾತಿಗೇ ಹೋಗಿತ್ತು. ಅದು ಹೋದರೆ ಬಿತ್ತಲು ಬೇರೆ ಬೀಜವಿರಲಿಲ್ಲ.

ಪಕ್ಕದ ಮನೆಯ ದೊಡ್ಡಮುನಿಯಮ್ಮನಿಗೆ ನಾಲ್ಕು ಮೇಕೆಗಳು. ಅದರಲ್ಲಿ ಒಂದು ಬಿಳಿಯದು. ಅದಕ್ಕೆ ಗೋವಿಂದಮ್ಮನ ತೋಟ ಎಂದರೆ ಸ್ವಂತ ತೋಟಕ್ಕಿಂತ ಹೆಚ್ಚು.

"ಆನೆ ಬಂದ್ರೆ ತಮಟೆ ಬಡೀಬೌದು. ಈ ಮೇಕೆಗೆ ಏನ್ ಬಡೀಲಿ?" ಎಂದಳು ಗೋವಿಂದಮ್ಮ. "ಇಗಾ, ಕೇಳಿಲ್ಲಿ. ನಮ್ ತಮ್ಮ ಚಿನ್ನಸ್ವಾಮಿಗೆ ಹೊಸೂರಲ್ಲಿ ಮಿಲಿಟ್ರಿಯೋರ ಹರಾಜಿನ ತಂತಿಬಲೆ ಸಿಕ್ಕೈತಂತೆ. ಎಷ್ಟು ಬೇಕು ಏಳಕ್ಕಾ, ತೋಟಕ್ಕೆ ಸುತ್ತ ಕಟ್ಟಾಕೆ ಕಳುಸ್ತೀನಿ ಅಂದವ್ನೆ. ನಾನು ಕೋಲು ಇಟ್ಕೊಂಡು ಸುತ್ತ ನಡ್ದು ನೋಡ್ದೆ. ಇಪ್ಪತ್ತೆರಡು ಕೋಲು ಬತ್ತದೆ. ಒಂದು ಕಾಗ್ದ ಬರೀರಿ."

ನರಸಿಂಹಪ್ಪ ಮುಗುಳ್ನಕ್ಕ. ಇಂಥ ನಗೆಗಾಗಿ ಅವನು ಇಪ್ಪತ್ತು ವರ್ಷ ಕಾದಿದ್ದ.

"ನಡ್ದು ಅಳೆಯಾದು ಸರ್ವೆ ಅಲ್ಲ ಕಣೇ. ಅದು ವಾಕಿಂಗು. ಸರ್ವೆ ಅಂದ್ರೆ ಕಾಗ್ದದ ಮ್ಯಾಲೆ."

ಟ್ರಂಕಿನ ತಳದಲ್ಲಿ, ಮದುವೆಯ ಪಂಚೆಯ ಕೆಳಗೆ, ಒಂದು ಚೌಕಳಿ ಹಾಳೆ ಇತ್ತು. ಸರ್ವೆಯವರು ಬಿಸಾಡಿದ್ದನ್ನು ಅವನು ಎತ್ತಿಟ್ಟುಕೊಂಡಿದ್ದ. ಕೈ ತೊಳೆದು, ಪಂಚೆಯಲ್ಲಿ ಒರೆಸಿ, ಅದನ್ನು ಮಣೆಯ ಮೇಲೆ ಹರಡಿದ. ಒಂದು ಪಾತಿಗೆ ಒಂದು ಚೌಕದಂತೆ ಅಡ್ಡಕ್ಕೆ ಆರು, ಉದ್ದಕ್ಕೆ ಐದು ಎಣಿಸಿ ದಪ್ಪ ಗೆರೆ ಎಳೆದ. ಆಮೇಲೆ ಸುತ್ತಳತೆ ಎಂಬ ಗಂಭೀರ ಕಾರ್ಯ ಶುರುವಾಯಿತು. ಅಂಚಿನ ಒಂದೊಂದು ಚೌಕದೊಳಗೂ ಒಂದೊಂದು ಗೀಟು ಹಾಕುತ್ತ ಹೋದ. ಮೇಲಿನ ಸಾಲಿನಲ್ಲಿ ಆರು. ಬಲಗಡೆ ಇಳಿಯುತ್ತ ನಾಲ್ಕು. ಕೆಳಗಿನ ಸಾಲಿನಲ್ಲಿ ಐದು. ಎಡಗಡೆ ಹತ್ತುತ್ತ ಮೂರು. ಒಟ್ಟು ಹದಿನೆಂಟು.

"ಹದಿನೆಂಟು!" ಎಂದು ತೀರ್ಪು ಕೊಟ್ಟ. "ನಿನ್ ಲೆಕ್ಕಕ್ಕೆ ಬಿಟ್ಟಿದ್ರೆ ನಾಲ್ಕು ಕೋಲು ಬಲೆ ದಂಡ ಆಗ್ತಿತ್ತು."

"ನಾನು ಎರಡು ಸಲ ನಡುದ್ನಲ್ಲ?"

"ಎರಡು ಸಲಾನೂ ತಪ್ಪಾಗಿ ನಡ್ದಿದ್ದೀಯ."

ಕಾಗದ ಹೋಯಿತು. ಅದರೊಳಗೆ, ಕೋಲಿನ ಉದ್ದಕ್ಕೆ ಸರಿಯಾಗಿ ಕತ್ತರಿಸಿದ ಒಂದು ದಾರವನ್ನೂ ಮಡಚಿ ಇಟ್ಟಿದ್ದ. 'ಬಾಮೈದ ಚಿನ್ನಸ್ವಾಮಿಗೆ ಆಶೀರ್ವಾದಗಳು. ಈ ದಾರದಂತೆ ಹದಿನೆಂಟು ಅಳತೆ ಬಲೆ ಕಳುಹಿಸತಕ್ಕದ್ದು. ನಿನ್ನ ಅಕ್ಕ ಇಪ್ಪತ್ತೆರಡು ಎನ್ನುತ್ತಾಳೆ. ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬಾರದು. ಇದು ಸರ್ವೆ ಪ್ರಕಾರ ತೆಗೆದ ಅಳತೆ.' ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದ. (ಆ ಎರಡು ಗೆರೆಗಳು ಮುಂದೆ ಅವನ ಕೊರಳಿಗೆ ಹೇಗೆ ಸುತ್ತಿಕೊಳ್ಳುತ್ತವೆಂದು ಆಗ ತಿಳಿಯಲಿಲ್ಲ.)

ಬಲೆ ಬಂತು. ಎದೆಮಟ್ಟದ ಒಳ್ಳೆಯ ಬಲೆ. ನರಸಿಂಹಪ್ಪ ಹೊಂಗೆಯ ಗೂಟಗಳನ್ನು ಬದುವಿನ ಮೇಲೆ ನೆಟ್ಟು, ಮೂಲೆಯಿಂದ ಶುರುಮಾಡಿ ಬಲೆ ಬಿಡಿಸುತ್ತ ಹೋದ. ಮೂರು ಮಗ್ಗುಲು ಅಂದವಾಗಿ ಮುಗಿಯಿತು. ನಾಲ್ಕನೆಯ ಮಗ್ಗುಲಲ್ಲಿ ಒಂದು ಪಾತಿಯಷ್ಟು ಹೋಗಿ ಬಲೆಯ ಸುರುಳಿ ಮುಗಿಯಿತು. ಉಳಿದದ್ದು ಬಯಲು. ನಾಲ್ಕು ಪಾತಿಯಷ್ಟು ಬಯಲು.

ಗೋವಿಂದಮ್ಮ ಬಾವಿಕಟ್ಟೆಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಮೊರ ಸ್ವಲ್ಪ ಜೋರಾಗಿ ಸದ್ದು ಮಾಡಿತು.

"ನಾಲ್ಕು ಕೋಲು ಕಮ್ಮಿ ಬಿದ್ದೈತೆ" ಎಂದ ನರಸಿಂಹಪ್ಪ, ಯಾರೋ ಬೇರೆಯವರ ಬೇಲಿಯ ಬಗ್ಗೆ ಹೇಳುವಂತೆ.

"ಹದಿನೆಂಟಕ್ಕೆ ನಾಲ್ಕು ಸೇರ್ಸಿದ್ರೆ ಎಷ್ಟು?"

"ಅದು ಹಂಗಲ್ಲ. ಗೂಟಕ್ಕೆ ಸುತ್ತಾಕೆ ಒಂದಷ್ಟು ತಿಂದ್ಕೋತದೆ."

"ನಾಲ್ಕು ಕೋಲು ತಿನ್ನಾಕೆ ಅದು ಗೂಟಾನಾ, ಆನೇನಾ? ಇಗಾ, ತಮ್ಮಂಗೆ ಇನ್ನೊಂದು ಕಾಗ್ದ ಬರೀರಿ. ಇನ್ನ ನಾಲ್ಕು ಕಳುಸ್ತಾನೆ."

ಬರೆಯುವುದೇ! ಎರಡು ಗೆರೆ ಎಳೆದ ಕೈಯಲ್ಲೇ! ಬಾಮೈದನ ಮುಂದೆ ಮಾನ ಕಳೆದುಕೊಳ್ಳುವುದಕ್ಕಿಂತ ಎರಡು ಪಾತಿ ಕಳೆದುಕೊಳ್ಳುವುದೇ ವಾಸಿ ಎಂದು ನರಸಿಂಹಪ್ಪನಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ತಲೆಯೊಳಗೆ ದೀಪ ಹತ್ತಿಕೊಂಡಿತು. ಬಲೆ ದೊಡ್ಡದಾಗದಿದ್ದರೆ ತೋಟ ಚಿಕ್ಕದಾಗಬಹುದಲ್ಲ?

ಮತ್ತೆ ಚೌಕಳಿ ಹಾಳೆ ಹರಡಿದ. ಕಡಿಮೆ ಬಿದ್ದದ್ದು ನಾಲ್ಕು. ತೋಟಕ್ಕೆ ಮೂಲೆಗಳೂ ನಾಲ್ಕು. ಒಂದೊಂದು ಮೂಲೆಯಲ್ಲೂ ಒಂದೊಂದು ಪಾತಿಯನ್ನು ಬೇಲಿಯಿಂದ ಹೊರಗೆ ಬಿಟ್ಟರೆ ಆಯಿತು! ಅಂಚಿನ ಚೌಕಗಳನ್ನು ಎಣಿಸಿ ನೋಡಿದ. ಹದಿನಾಲ್ಕೇ ಗೀಟು ಬಂತು.

"ಹದಿನೆಂಟು ಐತೆ, ಹದಿನಾಲ್ಕು ಸಾಕು. ಇನ್ನ ಮಿಕ್ತದೆ ನೋಡು!"

"ಮೂಲೇಲಿ ಮೆಣಸಿನ ಸಸಿ ಐತೆ. ಆ ಕಡೆ ಕೊತ್ತಂಬರಿ. ಈ ಕಡೆ ಹರಿವೆ, ಮೂಲಂಗಿ."

"ನಾಲ್ಕು ಪಾತಿ ಕೊಟ್ಟು ಇಪ್ಪತ್ತಾರು ಪಾತಿ ಉಳಿಸ್ಕೋತೀವಿ. ರಾಜರುಗಳೇ ಹಿಂಗೆ ಮಾಡಿದ್ದು ಐತೆ."

"ರಾಜರ ಮನೇಲಿ ಸಾರಿಗೆ ಕೊತ್ತಂಬರಿ ಯಾರು ತರ್ತಿದ್ರು?" ಎಂದು ಗೋವಿಂದಮ್ಮ ಕೇಳಿದಳು. ಆದರೂ ಒಪ್ಪಿದಳು. ಗಂಡನ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಗಳು ಅವಳ ಕಣ್ಣಿಗೆ ಬಿದ್ದಿದ್ದವು. "ಸಬ್ಬಸಿಗೆ ಒಂದು ಒಳಗಿರ್ಲಿ. ಉಳ್ದಿದ್ದು ನಿಮ್ ಸರ್ವೆಗೆ ಬಿಟ್ಟಿದ್ದು."

ಎರಡು ದಿನ ಗೂಟ ಕಿತ್ತ, ಗೂಟ ನೆಟ್ಟ. ಪಾತಿಯ ಮಧ್ಯೆ ಓರೆಯಾಗಿ ಗೂಟ ನೆಟ್ಟರೆ ಸಸಿಗಳು ಹಾಳಾಗುತ್ತವೆ ಎಂದು ಗೋವಿಂದಮ್ಮ ಮೊದಲೇ ಎಚ್ಚರಿಸಿದ್ದಳು. ಹಾಗಾಗಿ ಬದುವಿನ ಮೇಲೇ ನಡೆದು, ಮೂಲೆ ಬಂದಾಗ ಒಳಕ್ಕೆ ಒಂದು ಕೋಲು, ಪಕ್ಕಕ್ಕೆ ಒಂದು ಕೋಲು ತಿರುಗಿ, ಬಲೆ ಕಟ್ಟಿದ. ತೋಟದ ಆಕಾರ ಈಗ ಮಣೆಯಂತಿರಲಿಲ್ಲ, ನಾಲ್ಕೂ ಕಡೆ ಕಡಿದಿಟ್ಟ ಮೈಸೂರುಪಾಕಿನಂತಿತ್ತು. ಬಲೆಯ ಸುರುಳಿ ಮುಗಿಯುತ್ತ ಬಂತು. ಮುಗಿಯಿತು. ಕೋಲು ಹಿಡಿದು ಬಯಲು ಅಳೆದ. ಒಂದು, ಎರಡು, ಮೂರು, ನಾಲ್ಕು.

ಮತ್ತೆ ನಾಲ್ಕು! ನಾಲ್ಕು ಪಾತಿ ದಾನ ಮಾಡಿದ ಮೇಲೂ ನಾಲ್ಕು!

ಹೊರಗೆ ಬಿದ್ದ ನಾಲ್ಕು ಪಾತಿಗಳನ್ನು ಮೇಕೆಗಳು ಅಷ್ಟರಲ್ಲಿ ತಲೆಗೊಂದರಂತೆ ಹಂಚಿಕೊಂಡು ಮುಗಿಸಿದ್ದವು. ಅವುಗಳ ಲೆಕ್ಕ ಮಾತ್ರ ಸರಿಯಾಗಿತ್ತು.

ನರಸಿಂಹಪ್ಪನ ತಲೆ ಬಿಸಿಯಾಯಿತು. ಲೆಕ್ಕ ತಪ್ಪಿಲ್ಲ, ತೋಟ ಚಿಕ್ಕದಾಗಿದೆ. ಹಾಗಾದರೆ ಬಲೆಯೇ ಕಡಿಮೆಯಾಗಿರಬೇಕು. ಬಲೆ ತಾನಾಗಿ ಕಡಿಮೆಯಾಗುವುದಿಲ್ಲ. ದೊಡ್ಡಮುನಿಯಮ್ಮನ ಅಂಗಳದಲ್ಲಿ ಹೊಸ ಕೋಳಿಗೂಡು ಎದ್ದಿತ್ತು. ಅವನು ಅಲ್ಲಿಗೆ ಹೋಗಿ ಗೂಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನ್ ನರಸಿಂಹಣ್ಣ, ಕೋಳಿಗೆ ಜಾತಕ ನೋಡ್ತಿದ್ದೀಯ?" ಎಂದಳು ದೊಡ್ಡಮುನಿಯಮ್ಮ.

"ಗೂಡಿಗೆ ಬಲೆ ಎಲ್ಲಿಂದ ಬಂತು ದೊಡ್ಡಮುನಿಯಮ್ಮ?"

"ಬಲೆನಾ? ಕಣ್ಣು ಬಿಟ್ಟು ನೋಡಣ್ಣ. ಅದು ಬಿದಿರ ದಬ್ಬೆ. ನಿನ್ ಬಲೆ ನೀನು ಅಳ್ದು ನೋಡ್ದ್ಯಾ?"

ಅಳೆದಿರಲಿಲ್ಲ. ಬಂದು ಬಲೆ ಅಳೆದ. ಹದಿನೆಂಟು ಕೋಲು ಹದಿನೆಂಟಾಗಿಯೇ ಇತ್ತು, ಒಂದು ಗೇಣೂ ಕಡಿಮೆ ಇರಲಿಲ್ಲ. ಚಿನ್ನಸ್ವಾಮಿಯೂ ಮೋಸ ಮಾಡಿರಲಿಲ್ಲ. ಬೈಯಲು ಯಾರೂ ಸಿಗದೆ ನರಸಿಂಹಪ್ಪ ಇನ್ನಷ್ಟು ಕಂಗಾಲಾದ.

ಪಶ್ಚಿಮದ ಸಾಲಿನ ನಡುವೆ ಮೆಂತ್ಯದ ಒಂದು ಪಾತಿ ಇತ್ತು. ಅದು ಸರಿಯಾಗಿ ಮೊಳೆತಿರಲಿಲ್ಲ. ಅದನ್ನೂ ಬಿಟ್ಟುಬಿಡೋಣ ಎಂದುಕೊಂಡ. ಮೂಲೆಯದಲ್ಲ, ನಡುವಿನದು. ಇದಾದರೂ ಮಾತು ಕೇಳಬಹುದು. ಮಾರನೆಯ ದಿನ ಬೇಲಿಯನ್ನು ಅಲ್ಲಿ ಒಳಕ್ಕೆ ತಿರುಗಿಸಿ, ಆ ಪಾತಿಯ ಮೂರು ಮಗ್ಗುಲು ಸುತ್ತಿ, ಮತ್ತೆ ಹೊರಕ್ಕೆ ತಂದ. ಸಂಜೆಗೆ ಬಯಲು ಅಳೆದ. ಒಂದು, ಎರಡು, ಮೂರು, ನಾಲ್ಕು, ಐದು, ಆರು.

ಆರು!

ಅವನು ಕೋಲನ್ನು ನೆಲಕ್ಕೆ ಬಿಟ್ಟು ಬದುವಿನ ಮೇಲೆ ಕೂತ. ಕೊಟ್ಟಷ್ಟೂ ಹೆಚ್ಚು ಕೇಳುವ ಬೇಲಿಯನ್ನು ಅವನು ಸರ್ವೆಯಲ್ಲೂ ಕಂಡಿರಲಿಲ್ಲ. ಕಣ್ಣು ಮೆಲ್ಲಗೆ ಉತ್ತರದ ಸಾಲಿನ ಕಡೆ ಹೊರಳಿತು. ಅಲ್ಲಿ ಸಬ್ಬಸಿಗೆ ನವಿರಾಗಿ ಅಲ್ಲಾಡುತ್ತಿತ್ತು.

"ಆ ಪಾತಿ ಮ್ಯಾಲೆ ಕಣ್ಣು ಆಕುದ್ರೆ ನೋಡಿ ಮತ್ತೆ" ಎಂಬ ದನಿ ಬಾವಿಕಟ್ಟೆಯಿಂದ ಬಂತು. "ನನ್ ಮಗಳಿಗೆ ಅಂತ ಇಟ್ಟಿರಾದು. ಅದನ್ನ ಬೇಲಿ ಆಚೆಗೆ ಆಕೋದಾದ್ರೆ ನನ್ನೂ ಜೊತೆಗೇ ಆಕ್ಬುಡಿ."

"ನಾನ್ ಏನ್ ಮಾಡ್ಲಿ ಗೋವಿಂದಿ?" ಅವನ ದನಿ ಸೋತಿತ್ತು. "ಐದು ಪಾತಿ ಬಿಟ್ಟೆ. ಬಲೆ ಮಿಗ್ಲಿಲ್ಲ, ಇನ್ನೂ ಕಮ್ಮಿ ಆಯ್ತು. ರತ್ನ ಬರಾಕೆ ಹದಿನೈದು ದಿನ ಐತೆ. ನನ್ ಬುದ್ಧಿಗೆ ಏನೋ ಆಗೈತೆ."

ಆ ರಾತ್ರಿ ಗೋವಿಂದಮ್ಮ ಬಿಸಿ ಮುದ್ದೆಯ ಜೊತೆ ತುಪ್ಪ ಸ್ವಲ್ಪ ಹೆಚ್ಚಾಗಿ ಬಿಟ್ಟಳು. ಅಷ್ಟೇ.

ಬೆಳಗ್ಗೆ ಅವನು ಎದ್ದು ಬಂದಾಗ ಅವಳು ಬಾಗಿಲ ಮುಂದೆ ಸಾರಿಸಿ ರಂಗೋಲಿಗೆ ಚುಕ್ಕಿ ಇಡುತ್ತಿದ್ದಳು. ಅಡ್ಡಕ್ಕೆ ಏಳು, ಉದ್ದಕ್ಕೆ ಆರು. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದಾಗ ಅಡ್ಡಕ್ಕೆ ಆರು ಮನೆ, ಉದ್ದಕ್ಕೆ ಐದು ಮನೆ ಆಯಿತು. ಅವನ ಚೌಕಳಿ ಹಾಳೆಯೇ ನೆಲಕ್ಕೆ ಇಳಿದು ಬಂದಂತಿತ್ತು. ಅವಳು ಹೂ ಕಟ್ಟುವ ದಾರ ತೆಗೆದು, ನಾಲ್ಕು ಮೂಲೆಗೆ ನಾಲ್ಕು ಹುಣಸೆಬೀಜ ಇಟ್ಟು, ಹೊರಗೆರೆಯ ಮೇಲೆ ದಾರವನ್ನು ಒಂದು ಸುತ್ತು ಸರಿಯಾಗಿ ಕೂರಿಸಿ ಗಂಟು ಹಾಕಿದಳು.

"ಬನ್ನಿ, ಕೂತ್ಕೊಳಿ. ಇದು ಬೇಲಿ. ಈ ಮೂಲೆ ಮನೆ ಹೊರಗೆ ಬಿಡಿ ನೋಡಾಣ."

ನರಸಿಂಹಪ್ಪ ಮೊಣಕಾಲೂರಿ ಕೂತ. ಮೂಲೆಯ ಹುಣಸೆಬೀಜ ತೆಗೆದು, ದಾರದ ಮೂಲೆಯನ್ನು ಬೆರಳಿನಿಂದ ಒಳಕ್ಕೆ ಒತ್ತಿದ. ದಾರ ಆ ಮನೆಯ ಹೊರಗಿನ ಎರಡು ಗೆರೆ ಬಿಟ್ಟು, ಒಳಗಿನ ಎರಡು ಗೆರೆಯ ಮೇಲೆ ಹೋಗಿ ಕೂತಿತು. ಸಡಿಲವಾಗಲಿಲ್ಲ, ಬಿಗಿಯೂ ಆಗಲಿಲ್ಲ. ಚುಕ್ಕಿಯಿಂದ ಚುಕ್ಕಿಗೆ ಅಷ್ಟೇ ಸರಿಹೋಯಿತು.

"ಮಿಕ್ಕಿದ್ದು ಎಲ್ಲಿ?" ಎಂದ.

"ಮಿಗಾಕೆ ಏನೈತೆ? ಎರಡು ಬಿಟ್ರಿ, ಎರಡು ಹಿಡಿದ್ರಿ. ಈ ಮೂಲೆಯಿಂದ ಎದುರು ಮೂಲೆಗೆ ಹೋಗ್ಬೇಕು ಅಂದ್ರೆ ಅಡ್ಡಕ್ಕೆ ಆರು ಹೆಜ್ಜೆ ಇಡ್ಲೇಬೇಕು, ಕೆಳಕ್ಕೆ ಐದು ಹೆಜ್ಜೆ ಇಡ್ಲೇಬೇಕು. ಒಂದೇ ಸಲ ಇಟ್ರೂ ಅಷ್ಟೇ, ಮೆಟ್ಲು ಇಳ್ದಂಗೆ ಇಟ್ರೂ ಅಷ್ಟೇ. ನಾನೂ ಈಗ್ಲೇ ಕಂಡಿದ್ದು. ಈಗ ಆ ನಡುವಿಂದು ಬಿಡಿ."

ಅವನು ನಡುವಿನ ಮನೆಯ ಬಳಿ ದಾರವನ್ನು ಒಳಕ್ಕೆ ಒತ್ತಿದ. ದಾರ ಒಳಗೆ ಹೋಗಲು ಒಪ್ಪಲಿಲ್ಲ. ಎಳೆದರೆ ಬೇರೆ ಕಡೆಯ ಬೀಜಗಳು ಉರುಳಿದವು. ಒಂದು ಗೆರೆ ಬಿಟ್ಟು ಮೂರು ಗೆರೆ ಹಿಡಿಯಬೇಕು. ಎರಡು ಹೆಚ್ಚು. ನಾಲ್ಕಿದ್ದದ್ದು ಆರಾದದ್ದು ಹೀಗೆ.

ನರಸಿಂಹಪ್ಪ ಮೆಲ್ಲಗೆ ಎದ್ದು ಒಳಗೆ ಹೋಗಿ ಚೌಕಳಿ ಹಾಳೆ ತಂದ. ಮೂಲೆಯ ಚೌಕದಲ್ಲಿ ಒಂದೇ ಗೀಟು. ಆ ಚೌಕಕ್ಕೆ ಹೊರಗಡೆ ಎರಡು ಮಗ್ಗುಲು. ಅವನು ಎಣಿಸಿದ್ದು ಅಂಚಿನ ಪಾತಿಗಳನ್ನು, ಬೇಲಿ ಹೋಗುವುದು ಪಾತಿಗಳ ಅಂಚಿನ ಮೇಲೆ. ನಾಲ್ಕು ಮೂಲೆಗೆ ನಾಲ್ಕು ಗೀಟು ಕಡಿಮೆ. ಹದಿನೆಂಟಕ್ಕೆ ನಾಲ್ಕು ಸೇರಿಸಿದರೆ ಎಷ್ಟೆಂದು ಹೆಂಡತಿ ಮೊದಲ ದಿನವೇ ಕೇಳಿದ್ದಳು.

"ಇಪ್ಪತ್ತೆರಡು" ಎಂದ, ನಾಲ್ಕೈದು ದಿನ ತಡವಾಗಿ.

"ಆಯ್ತು, ಬಿಡಿ. ಸರ್ವೆಯೋರು ಸರಪಳಿ ಹಿಡಿಯಾದು ಕಲ್ಸಿದ್ರು, ಎಣಿಸಾದು ಕಲ್ಸ್ಲಿಲ್ಲ. ಅದಕ್ಕೆ ನೀವ್ ಏನ್ ಮಾಡ್ತೀರಿ" ಎಂದಳು ಗೋವಿಂದಮ್ಮ. ಹಂಗಿಸುವಂತಿರಲಿಲ್ಲ, ಸಮಾಧಾನ ಹೇಳುವಂತಿತ್ತು. ಅದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಕಾಗದ ಬರೆಯಲೇಬೇಕಾಯಿತು. ಆದರೆ ಮಾನ ಪೂರ್ತಿ ಬಿಡಲು ಮನಸ್ಸು ಬರಲಿಲ್ಲ. 'ಇಲ್ಲಿ ಬಿಸಿಲು ಜಾಸ್ತಿ. ಬಿಸಿಲಿಗೆ ತಂತಿ ಕುಗ್ಗಿದಂತೆ ಕಾಣುತ್ತದೆ. ಇನ್ನು ನಾಲ್ಕು ಅಳತೆ ಕಳುಹಿಸತಕ್ಕದ್ದು.' ಈ ಸಲ ಯಾವ ವಾಕ್ಯದ ಕೆಳಗೂ ಗೆರೆ ಎಳೆಯಲಿಲ್ಲ.

ಬಲೆ ಬಂತು. ಅದರ ಜೊತೆ ಬಂದ ಚೀಟಿಯಲ್ಲಿ ಹೀಗಿತ್ತು: 'ಭಾವನವರಿಗೆ ನಮಸ್ಕಾರ. ನಾಲ್ಕು ಅಳತೆ ಕಳುಹಿಸಿದ್ದೇನೆ. ಚಳಿಗಾಲದಲ್ಲಿ ಹಳೆಯ ತಂತಿ ಹಿಗ್ಗಿದರೆ ಈ ನಾಲ್ಕು ವಾಪಸು ಮಾಡತಕ್ಕದ್ದು. ರತ್ನಳನ್ನು ರಾಯಕೋಟೆಯಿಂದ ಶುಕ್ರವಾರ ನಾನೇ ಕರೆತರುತ್ತೇನೆ. ಬೀಗಿತ್ತಿ ಅಂಜಿನಮ್ಮನವರೂ ಬರುತ್ತಾರೆ.'

ಬೀಗಿತ್ತಿ! ನರಸಿಂಹಪ್ಪ ಪಂಚೆ ಎತ್ತಿ ಕಟ್ಟಿದ. ಬಿಟ್ಟಿದ್ದ ಐದು ಪಾತಿಗಳನ್ನೂ ಒಳಗೆ ತೆಗೆದುಕೊಂಡ. ಗೋವಿಂದಮ್ಮ ಬರಿದಾಗಿದ್ದ ಮೂಲೆಗಳಿಗೆ ಹರಿವೆ ಬೀಜ ಚೆಲ್ಲಿದಳು. ಗೂಟಗಳು ಮತ್ತೆ ನೇರವಾದವು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕೊನೆಯ ಮಗ್ಗುಲಿನ ಒಂದು ಕೋಲು ಮಾತ್ರ ಉಳಿದಿತ್ತು. ಬೇಲಿ ಹೊರಗಿನಿಂದ ನುಣ್ಣಗೆ ಕಾಣಬೇಕೆಂದು ನರಸಿಂಹಪ್ಪ ಒಳಗೆ ನಿಂತು, ಗಂಟುಗಳೆಲ್ಲ ಒಳಗಡೆ ಬರುವಂತೆ, ಒಂದೊಂದನ್ನೂ ಮೂರು ಸಲ ತಿರುಚಿ ಬಿಗಿದ. ಬಲೆಯ ಕೊನೆಯ ಅಂಚು ಮೊದಲ ಗೂಟಕ್ಕೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಬಂದು ತಾಗಿತು. ಇಪ್ಪತ್ತೆರಡು! ಅವನ ಕಣ್ಣಲ್ಲಿ ನೀರೇ ಬಂತು.

ಕಣ್ಣೊರೆಸಿಕೊಂಡು ತಿರುಗಿದ. ಹಿಂದೆ ದೊಡ್ಡಮುನಿಯಮ್ಮನ ಬಿಳಿ ಮೇಕೆ ನಿಂತಿತ್ತು. ಅವನು ಬಗ್ಗಿ ಗಂಟು ಹಾಕಲು ಶುರುಮಾಡುವ ಮುಂಚೆಯೇ ಅದು ಒಳಗೆ ಬಂದಾಗಿತ್ತು. ಈಗ ಸಬ್ಬಸಿಗೆಯ ಪಾತಿಯ ಬದುವಿನ ಮೇಲೆ ಎರಡು ಮುಂಗಾಲು ಇಟ್ಟಿತ್ತು.

ನರಸಿಂಹಪ್ಪ ಹಾರಿ ಅದರ ಕಿವಿ ಹಿಡಿದ. ಮೊದಲ ತುತ್ತು ಬಾಯಿಗೆ ಹೋಗುವುದರೊಳಗೆ ಎಳೆದುಕೊಂಡ. ಸಬ್ಬಸಿಗೆ ಉಳಿಯಿತು. ಇನ್ನು ಇದನ್ನು ಹೊರಗೆ ಹಾಕಬೇಕು ಎಂದು ಮೇಕೆಯನ್ನು ಎಳೆಯುತ್ತ ಹೊರಟ. ಉತ್ತರಕ್ಕೆ ಹೋದ, ಬೇಲಿ. ಪೂರ್ವಕ್ಕೆ ಹೋದ, ಬೇಲಿ. ಒಂದು ಸುತ್ತು ಪೂರ್ತಿ ಬಂದು ಹೊರಟ ಜಾಗದಲ್ಲೇ ನಿಂತ. ಮೇಕೆ ಅವನ ಮುಖ ನೋಡಿತು.

ಇಪ್ಪತ್ತೆರಡು ಕೋಲು ತೋಟಕ್ಕೆ ಇಪ್ಪತ್ತೆರಡು ಕೋಲು ಬೇಲಿ ಕಟ್ಟಿದ್ದ. ಬಾಗಿಲು ಬಿಟ್ಟಿರಲಿಲ್ಲ.

ಹಾರೋಣವೆಂದರೆ ಬಲೆ ಎದೆಮಟ್ಟ. ಒಂದು ಕಾಲು ಎತ್ತಿ ನೋಡಿದ, ಪಂಚೆ ತಂತಿಗೆ ಸಿಕ್ಕಿಕೊಂಡಿತು. ಗಂಟು ಬಿಚ್ಚೋಣವೆಂದರೆ ಎರಡು ಕೈ ಬೇಕು. ಒಂದು ಕೈ ಮೇಕೆಯ ಕಿವಿ ಬಿಟ್ಟರೆ ಮೇಕೆ ಸಬ್ಬಸಿಗೆಯನ್ನು ಬಿಡುವುದಿಲ್ಲ. ಕೂಗೋಣವೆಂದರೆ...

"ಅಪ್ಪಾ!"

ಗಾಡಿ ಆಗಲೇ ಬಂದುಬಿಟ್ಟಿತ್ತು. ಬಾವಿಯ ಪಕ್ಕದಲ್ಲಿ ತುಂಬುಬಸುರಿ ಮಗಳು, ಅವಳ ಹಿಂದೆ ಹಣ್ಣಿನ ಬುಟ್ಟಿ ಹಿಡಿದ ಬೀಗಿತ್ತಿ ಅಂಜಿನಮ್ಮ, ಇದ್ದಿಲು ಬಸ್ಸಿನ ಹೊಗೆಗೆ ಮುಖ ಕಪ್ಪಾಗಿದ್ದ ಚಿನ್ನಸ್ವಾಮಿ, ಎಲ್ಲರ ಹಿಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡ ಗೋವಿಂದಮ್ಮ.

"ಬನ್ನಿ ಬೀಗಿತ್ತಮ್ಮ, ಬನ್ನಿ" ಎಂದ ನರಸಿಂಹಪ್ಪ. ಕೈ ಮುಗಿಯಬೇಕಿತ್ತು, ಆದರೆ ಒಂದೇ ಕೈ ಬಿಡುವಾಗಿತ್ತು. ಆ ಒಂದು ಕೈಯನ್ನೇ ಎದೆಗಿಟ್ಟುಕೊಂಡ. "ದಾರಿ ಸುಖವಾಗಿತ್ತಾ?"

"ನಮ್ ದಾರಿ ಸುಖವಾಗಿತ್ತು ಬೀಗರೇ" ಎಂದಳು ಅಂಜಿನಮ್ಮ, ಬೇಲಿಯ ಸುತ್ತ ಕಣ್ಣಾಡಿಸುತ್ತ. "ನಿಮಗೇ ದಾರಿ ಕಾಣಲ್ಲ."

"ಅಪ್ಪಾ, ಯಾಕಪ್ಪ ಒಳಗಿದ್ದೀಯ?"

"ನಿನ್ ಸಬ್ಬಸಿಗೆ ಕಾಯ್ತಿದ್ದೀನಿ ಕಣಮ್ಮ" ಎಂದ ನರಸಿಂಹಪ್ಪ. ಅದು ಸುಳ್ಳಾಗಿರಲಿಲ್ಲ. ಮಗಳ ಕಣ್ಣು ಒಂದು ಗಳಿಗೆ ಒದ್ದೆಯಾಯಿತು. ಮರುಗಳಿಗೆ ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಚಿನ್ನಸ್ವಾಮಿ ಬಾವಿಯ ಎದುರಿನ ಒಂದು ಕೋಲು ಬಲೆ ಕತ್ತರಿಸಿ ತೆಗೆದ. ಮೊದಲು ಮೇಕೆ ಹೊರಗೆ ಬಂತು, ಅದರ ಹಿಂದೆ ನರಸಿಂಹಪ್ಪ. ಆ ಜಾಗಕ್ಕೆ ಸಂಜೆ ಬಿದಿರಿನ ತಡಿಕೆ ಕಟ್ಟಿದರು.

"ಭಾವ, ಒಂದು ಕೋಲು ಮಿಕ್ತಲ್ಲ? ಚಳಿಗಾಲ ಇನ್ನೂ ಬಂದೇ ಇಲ್ಲ, ಆಗ್ಲೇ ಹಿಗ್ತಾ?" ಎಂದ ಚಿನ್ನಸ್ವಾಮಿ, ತುಂಡು ಬಲೆಯನ್ನು ಸುತ್ತುತ್ತ.

ನರಸಿಂಹಪ್ಪ ಹೆಂಡತಿಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ನೋಡ್ದ್ಯಾ? ನಿನ್ ಇಪ್ಪತ್ತೆರಡೂ ತಪ್ಪೇ. ಸರಿಯಾದ್ದು ಇಪ್ಪತ್ತೊಂದು."

"ಹೌದಲ್ಲ! ನಾನೂ ಬಾಗ್ಲು ಮರ್ತೇಬುಟ್ಟೆ" ಎಂದು ಗೋವಿಂದಮ್ಮ ಒಪ್ಪಿಕೊಂಡಳು. ನರಸಿಂಹಪ್ಪನ ಬೆನ್ನು ಅರ್ಧ ಗೇಣು ನೇರವಾಯಿತು.

ಅಂಜಿನಮ್ಮ ಹೊರಡುವ ಮುಂಚೆ, ಎಲೆಯಡಿಕೆ ಮಡಚುತ್ತ, ಗೋವಿಂದಮ್ಮನ ಕೈ ಹಿಡಿದುಕೊಂಡಳು. "ಬೀಗಿತ್ತಿ, ರಾಯಕೋಟೇಲಿ ನಮ್ ತೋಟಕ್ಕೂ ಒಂದು ಬೇಲಿ ಆಕುಸ್ಬೇಕು. ನಮ್ ಯಜಮಾನ್ರು ಹಾಳೆ ಹಿಡ್ಕೊಂಡು ಕೂತವ್ರೆ, ನಂಗೆ ಭಯ. ಮೊಮ್ಮಗು ಹುಟ್ಟಿದ ಮ್ಯಾಲೆ ಒಂದಿನ ಬಂದು ನಡ್ದು ನೋಡಿ ಅಳತೆ ಹೇಳ್ಬೇಕು ನೀವು."

"ಬತ್ತೀವಿ, ಬತ್ತೀವಿ" ಎಂದ ನರಸಿಂಹಪ್ಪ, ಯಾರೂ ಕರೆಯುವ ಮುಂಚೆಯೇ. "ನಾನೂ ಬತ್ತೀನಿ."

ಅಂಜಿನಮ್ಮ ಅವನನ್ನು ಮರ್ಯಾದೆಯಿಂದಲೇ ನೋಡಿದಳು.

"ಬರ್ಲೇಬೇಕು ಬೀಗರೇ. ಅಲ್ಲೂ ಒಂದು ಮೇಕೆ ಐತೆ. ಅಳತೆ ಮುಗಿಯಾವರ್ಗೂ ಯಾರಾದ್ರೂ ಕಿವಿ ಹಿಡ್ಕೋಬೇಕು."